ಕೌತುಕ, ಕುತೂಹಲ, ಕ್ಯೂರಿಯಾಸಿಟಿ: ಮೂರೂ ಒಂದೇ ಮನೆಯವಾ?

ಪ್ರಶ್ನೆ: ನಾವು ಪುಣೆಯಲ್ಲಿ ಇರುವುದು. ಮಗಳು ಆರನೇ ಕ್ಲಾಸು, ಮರಾಠಿ ಶಾಲೆ. ಮನೆ ಪಕ್ಕ ದೊಡ್ಡ ಕಟ್ಟಡ ಏಳುತ್ತಿದೆ. ‘ಕಂಬ ಕಟ್ಟಿ ಆಯ್ತಲ್ಲ, ಅದು ಒಣಗಬೇಕಲ್ವಾ, ಮತ್ತೆ ಯಾಕೆ ದಿನಾ ಅದಕ್ಕೆ ನೀರು ಹಾಕ್ತಾರೆ?’ ಅಂತ ವಾರವಿಡೀ ಎಲ್ಲರನ್ನೂ ಕೇಳಿದಳು. ನಮ್ಮ ಅತ್ತೆಯವರು ಶಿವಮೊಗ್ಗ ಕಡೆಯವರು. ‘ಅಧಿಕಪ್ರಸಂಗ ಸಾಕು, ಬೇಗ ನಡಿ’ ಅಂದರು. ಅವಳು ಅದನ್ನೇ ಶಾಲೆಯ ನಿಬಂಧದಲ್ಲಿ ಬರೆದಳು. ಟೀಚರು ಕೆಳಗೆ ‘ತುಝೆ ಖೂಪ್ ಕೌತುಕ್’ ಅಂತ ಬರೆದು ಕಳಿಸಿದ್ದಾರೆ. ಅತ್ತೆಗೆ ಬೇಜಾರು. ‘ಕೌತುಕ ಅಂದ್ರೆ ಏನೋ ವಿಚಿತ್ರ ಅಂತ ತಾನೆ, ಮಗು ಬಗ್ಗೆ ಹಾಗೆ ಬರೀತಾರಾ?’ ಅಂತಾರೆ. ಮರಾಠಿಯ ಕೌತುಕ, ನಮ್ಮ ಕೌತುಕ, ಕುತೂಹಲ ಎಲ್ಲ ಒಂದೇ ಪದವಾ? ಕ್ಯೂರಿಯಾಸಿಟಿ ಅನ್ನುವುದೂ ಕುತೂಹಲದ ಹಾಗೇ ಕೇಳಿಸುತ್ತದಲ್ಲ, ಅದಕ್ಕೂ ಇದಕ್ಕೂ ನಂಟಿದೆಯಾ? ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಗಳು ಇದೇ ವಿಷಯದ ಮೇಲೆ ಐದು ನಿಮಿಷ ಮಾತಾಡಬೇಕು. ಏನು ಹೇಳಿಸಲಿ?

ಉತ್ತರ: ಮೊದಲು ಅತ್ತೆಯವರಿಗೆ ಸಮಾಧಾನ ಹೇಳಿ. ಟೀಚರು ಬರೆದದ್ದು ಮೆಚ್ಚುಗೆ. ಬರೀ ಮೆಚ್ಚುಗೆಯೂ ಅಲ್ಲ, ಅದರಲ್ಲಿ ಮುದ್ದು ಇದೆ, ಹೆಮ್ಮೆ ಇದೆ. ಮರಾಠಿಯವರು ‘ಕೌತುಕ್ ಕರಣೆ’ ಅಂದರೆ ಮಗು ಏನೋ ಚೆನ್ನಾಗಿ ಮಾಡಿದಾಗ ಹತ್ತಿರ ಕರೆದು ‘ಆಹಾ’ ಅನ್ನುವುದು, ನಾಲ್ಕು ಜನರ ಮುಂದೆ ಹೇಳಿಕೊಂಡು ಸಂತೋಷಪಡುವುದು. ಬೆನ್ನು ತಟ್ಟುವುದಕ್ಕೆ ಅವರಲ್ಲಿ ‘ಕೌತುಕಾಚೀ ಥಾಪ್’ ಅಂತ ಒಂದು ಮಾತೇ ಇದೆ. ಕನ್ನಡದಲ್ಲಿ ಈ ಒಂದು ಪದಕ್ಕೆ ಸರಿಯಾದ ಒಂದೇ ಪದ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ‘ಮೆಚ್ಚುಗೆ’ ಸ್ವಲ್ಪ ಗಂಭೀರ, ‘ಮುದ್ದು’ ಸ್ವಲ್ಪ ಜಾಸ್ತಿ, ‘ಅಕ್ಕರೆ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬೆರಗು ಇಲ್ಲ.

ಆ ಬೆರಗು ಇದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ನೀವು ಕೇಳಿದ ಪದಗಳ ಕೀಲಿ ಇರುವುದು ಅಲ್ಲೇ.

ಕೌತುಕ, ಕುತೂಹಲ ಎರಡೂ ಸಂಸ್ಕೃತದಿಂದ ಬಂದವು, ಒಂದೇ ಮನೆಯವು. ಸಂಸ್ಕೃತದ ಹಳೆಯ ಪದಕೋಶ ಅಮರಕೋಶದಲ್ಲಿ ನಾಲ್ಕು ಪದಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ: ಕೌತೂಹಲ, ಕೌತುಕ, ಕುತುಕ, ಕುತೂಹಲ. ನಾಲ್ಕಕ್ಕೂ ಅರ್ಥ ಒಂದೇ. ಕುತುಕದಿಂದ ಕೌತುಕ, ಕುತೂಹಲದಿಂದ ಕೌತೂಹಲ. ಮುನಿಯಿಂದ ಮೌನ ಆದ ಹಾಗೆ, ಕುಮಾರನಿಂದ ಕೌಮಾರ ಆದ ಹಾಗೆ, ಮೊದಲ ‘ಉ’ ಬೆಳೆದು ‘ಔ’ ಆಗಿದೆ ಅಷ್ಟೆ. ಅದರ ಹಿಂದಿನ ಬೇರು ಯಾವುದು ಅಂತ ಕೇಳಿದರೆ, ‘ಕುತಃ’ ಅನ್ನುವ ಪ್ರಶ್ನೆಪದದಿಂದ ಬಂದಿರಬಹುದು ಅಂತ ಊಹೆ ಮಾಡಿದವರಿದ್ದಾರೆ. ಕುತಃ ಅಂದರೆ ಎಲ್ಲಿಂದ, ಯಾಕೆ. ಸಾಬೀತಾದ ಮಾತಲ್ಲ, ಆದರೆ ಕೇಳಿದ ತಕ್ಷಣ ಮನಸ್ಸಿಗೆ ಹಿಡಿಸುತ್ತದೆ, ಯಾಕೆಂದರೆ ನಿಮ್ಮ ಮಗಳು ದಿನವಿಡೀ ಹೇಳುವುದೂ ಅದನ್ನೇ ತಾನೆ.

ಈಗ ಕೌತುಕ ಎಲ್ಲೆಲ್ಲಿ ಓಡಾಡಿತು ನೋಡಿ. ಸಂಸ್ಕೃತದಲ್ಲೇ ಅದಕ್ಕೆ ಇನ್ನೊಂದು ಅರ್ಥ ಇತ್ತು, ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರ. ನಾವು ಕಂಕಣ ಅನ್ನುತ್ತೇವಲ್ಲ, ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ, ಅದೇ. ಕಾಳಿದಾಸನ ರಘುವಂಶದ ಎಂಟನೇ ಸರ್ಗ ಶುರುವಾಗುವುದೇ ಅಲ್ಲಿಂದ. ಅಜನ ಕೈಯಲ್ಲಿ ಮದುವೆಯ ಕೌತುಕ ಇನ್ನೂ ಹಾಗೇ ಇರುವಾಗಲೇ ಅಪ್ಪ ರಘು ಅವನಿಗೆ ರಾಜ್ಯ ಒಪ್ಪಿಸುತ್ತಾನೆ. ಕುತೂಹಲ ಅನ್ನುವ ಅರ್ಥದ ಕೌತುಕ ದಾರ ಹೇಗಾಯಿತು? ನನಗೆ ಕಾಣುವ ದಾರಿ ಹೀಗಿದೆ. ಕಣ್ಣು ತಿರುಗಿ ತಿರುಗಿ ನೋಡುವಂಥದ್ದು ಕೌತುಕ, ಆಮೇಲೆ ಹಾಗೆ ನೋಡಲು ಜನ ಸೇರುವ ಸಂಭ್ರಮವೂ ಕೌತುಕ, ಆ ಸಂಭ್ರಮದಲ್ಲಿ ಕೈಗೆ ಕಟ್ಟುವ ಮಂಗಳದ ದಾರವೂ ಕೌತುಕ. ವೈಷ್ಣವ ದೇವಾಲಯಗಳಲ್ಲಿ ದಿನದ ಪೂಜೆಗೆ ಇಡುವ ಚಿಕ್ಕ ಮೂರ್ತಿಗೆ ಆಗಮದವರು ‘ಕೌತುಕಬೇರ’ ಅನ್ನುತ್ತಾರೆ. ಇದನ್ನೆಲ್ಲ ನೋಡಿದರೆ ನಮ್ಮ ಹಿಂದಿನವರಿಗೆ ಈ ಪದ ಅಪಶಕುನ ಆಗಿರಲೇ ಇಲ್ಲ, ಮಂಗಳದ ಕೆಲಸಕ್ಕೇ ಬಳಸಿದ್ದಾರೆ ಅಂತ ಗೊತ್ತಾಗುತ್ತದೆ. ಅತ್ತೆಯವರಿಗೆ ಇದನ್ನು ಹೇಳಿ, ಮದುವೆಯ ಕಂಕಣದ ಮಾತು ಬಂದರೆ ಅವರೇ ಇನ್ನೂ ನಾಲ್ಕು ವಿಷಯ ಹೇಳಿಯಾರು.

ಮರಾಠಿಗೆ ಬಂದರೆ, 1290ರ ಜ್ಞಾನೇಶ್ವರಿಯಲ್ಲೇ, ಅಂದರೆ ಜ್ಞಾನದೇವರು ಭಗವದ್ಗೀತೆಗೆ ಮರಾಠಿಯಲ್ಲಿ ಬರೆದ ವ್ಯಾಖ್ಯಾನದಲ್ಲೇ, ಈ ಪದ ಇದೆ. ಆರನೇ ಅಧ್ಯಾಯದಲ್ಲಿ, ನನ್ನ ಮರಾಠಿ ಮಾತು ಅಮೃತದ ಜೊತೆ ಪಂಥ ಕಟ್ಟಿ ಗೆಲ್ಲುತ್ತದೆ ಅಂತ ಜ್ಞಾನದೇವರು ಹೇಳುವ ಸಾಲು ಮಹಾರಾಷ್ಟ್ರದಲ್ಲಿ ಮಕ್ಕಳಿಗೂ ಬರುತ್ತದೆ, ಅದೇ ಸಾಲಿನಲ್ಲಿ ‘ಕೌತುಕೆಂ’ ಕೂತಿದೆ. ಆಟವಾಡುವ ಖುಷಿ, ಬೆರಗು, ಪ್ರೀತಿ ಮೂರೂ ಅಲ್ಲಿ ಬೆರೆತಿವೆ. ಆ ಪ್ರೀತಿಯ ಕಡೆಗೇ ಮರಾಠಿ ಕೌತುಕ ವಾಲಿಕೊಂಡು ಬೆಳೆಯಿತು. ನಮ್ಮದು ಬೆರಗಿನ ಕಡೆಗೆ ವಾಲಿತು. ಮ್ಯಾಚಿನ ಕೊನೆಯ ಓವರ್ ‘ಕೌತುಕದ ಘಟ್ಟ’, ಎರಡು ತಲೆಯ ಕರು ಹುಟ್ಟಿದರೆ ಪತ್ರಿಕೆಯಲ್ಲಿ ‘ಪ್ರಕೃತಿಯ ಕೌತುಕ’. ಅತ್ತೆಯವರು ಕೇಳಿದ್ದು ಈ ಎರಡನೆಯದನ್ನು. ಅವರ ಕಿವಿಯದ್ದೇನೂ ತಪ್ಪಿಲ್ಲ.

ಗಡಿ ದಾಟುವಾಗ ಹೀಗೆ ಅರ್ಥ ಬದಲಿಸಿದ ಇನ್ನೊಂದು ಪದ ಇದೆ, ಅದೂ ಕುತೂಹಲಕ್ಕೆ ಹತ್ತಿರದ್ದೇ. ನಿಮ್ಮ ಊರಿನ ಎಸ್‌ಟಿ ಸ್ಟ್ಯಾಂಡಿನಲ್ಲಿ, ಅಂದರೆ ಸರ್ಕಾರಿ ಬಸ್ ನಿಲ್ದಾಣದಲ್ಲಿ, ‘ಚೌಕಶಿ’ ಅಂತ ಬೋರ್ಡು ನೋಡಿರುತ್ತೀರಿ, ವಿಚಾರಣೆಯ ಕಿಟಕಿ. ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಹುಡುಗಿಗೆ ಮರಾಠಿಯಲ್ಲಿ ‘ಚೌಕಸ್’ ಅನ್ನುತ್ತಾರೆ, ಅದು ಒಳ್ಳೆಯ ಮಾತು. ಹುಬ್ಬಳ್ಳಿ ಕಡೆಯವರ ಬಾಯಲ್ಲಿ ‘ಸ್ವಲ್ಪ ಚೌಕಶಿ ಮಾಡ್ರಿ’ ಅಂದರೆ ಇವತ್ತಿಗೂ ವಿಚಾರಿಸಿ ಅಂತಲೇ ಅರ್ಥ. ಇನ್ನೂ ಕೆಳಗೆ ಬೆಂಗಳೂರು, ಶಿವಮೊಗ್ಗಕ್ಕೆ ಇಳಿಯುವ ಹೊತ್ತಿಗೆ ಅದು ‘ಚೌಕಾಸಿ’ ಆಗಿ ತರಕಾರಿ ಅಂಗಡಿಯ ಮುಂದೆ ನಿಂತುಬಿಟ್ಟಿದೆ. ಬೆಲೆ ವಿಚಾರಿಸುವುದರಿಂದ ಬೆಲೆ ಇಳಿಸುವುದಕ್ಕೆ ಬಂತು.

ಈಗ ಇಂಗ್ಲಿಷಿನ ಕ್ಯೂರಿಯಾಸಿಟಿ. ಕುತೂಹಲಕ್ಕೂ ಅದಕ್ಕೂ ನಂಟಿಲ್ಲ. ‘ಕು’, ‘ಕ್ಯೂ’ ಕೇಳಿ ಹಾಗೆ ಅನಿಸುವುದು ಸಹಜ, ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇದನ್ನೇ ಕೇಳಿದ್ದಾರೆ. ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದಿನವಿಡೀ ದುಡಿದು ಬಂದ ಹುಡುಗರ ಪ್ರಶ್ನೆಗಳು ಹೇಗಿರುತ್ತಿದ್ದವು ಅಂದರೆ, ಉತ್ತರ ಹುಡುಕಲು ನಾನು ಭಾನುವಾರವೆಲ್ಲ ನಿಘಂಟು ಹಿಡಿದು ಕೂರಬೇಕಾಗುತ್ತಿತ್ತು.

ಕ್ಯೂರಿಯಾಸಿಟಿಯ ಬೇರು ಲ್ಯಾಟಿನ್ ಭಾಷೆಯ ‘ಕೂರಾ’. ಅದರ ಅರ್ಥ ಕಾಳಜಿ. ನಂಟಿಲ್ಲ ಅಂತ ಗೊತ್ತಾದರೆ ಕಥೆ ಮುಗಿದ ಹಾಗೆ ಅನಿಸಬಹುದು, ಆದರೆ ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿಂದಲೇ ಶುರು. ಕೂರಾದಿಂದ ‘ಕೂರಿಯೋಸುಸ್’, ಕಾಳಜಿಯಿಂದ ಗಮನ ಕೊಡುವವನು. ಅದರಿಂದ ‘ಕೂರಿಯೋಸಿತಾಸ್’. ಇದನ್ನು ಮೊದಲು ಬರೆದವರಲ್ಲಿ ರೋಮಿನ ಸಿಸೆರೊ ಒಬ್ಬ. ಕ್ರಿ.ಪೂ. 59ರಲ್ಲಿ ಊರಿನಿಂದ ದೂರ ಇದ್ದಾಗ ಗೆಳೆಯ ಅಟ್ಟಿಕಸನಿಗೆ ಬರೆದ ಕಾಗದದಲ್ಲಿ, ರೋಮಿನ ಸುದ್ದಿಗಾಗಿ ತನಗೆ ಭಾರೀ ಹಸಿವಾಗಿದೆ ಅನ್ನುತ್ತಾನೆ. ಹಸಿವು ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೂರಾದ ಮಕ್ಕಳು ನಮ್ಮ ಸುತ್ತ ತುಂಬಾ ಇದ್ದಾರೆ, ನಾವು ಗುರುತು ಹಿಡಿದಿಲ್ಲ ಅಷ್ಟೆ. ಮ್ಯೂಸಿಯಂ ನೋಡಿಕೊಳ್ಳುವ ಕ್ಯುರೇಟರ್, ವಾಂಖೆಡೆಯಲ್ಲಿ ಪಿಚ್ ನೋಡಿಕೊಳ್ಳುವ ಕ್ಯುರೇಟರ್. ಕಾಯಿಲೆ ‘ಕ್ಯೂರ್’ ಆಯಿತು ಅನ್ನುತ್ತೇವಲ್ಲ, ಅದು. ಸೊಸೈಟಿ ಗೇಟಿನ ‘ಸೆಕ್ಯೂರಿಟಿ’ ಕೂಡ ಅದೇ ಮನೆಯದು, ‘ಸೆ’ ಅಂದರೆ ಇಲ್ಲದೆ, ಚಿಂತೆ ಇಲ್ಲದೆ ಇರುವುದು.

ಇಲ್ಲಿ ನಿಮ್ಮ ಮಗಳ ಕಂಬ ಬಂತು. ಕಂಬಕ್ಕೆ ನೀರು ಹಾಕುವ ಆ ಕೆಲಸಕ್ಕೆ ಸೈಟಿನಲ್ಲಿ ಏನನ್ನುತ್ತಾರೆ ಗೊತ್ತಾ? ಕ್ಯೂರಿಂಗ್! ಮೇಸ್ತ್ರಿ ಹೇಳುವುದೂ ಅದನ್ನೇ, ಇಂಜಿನಿಯರು ಹೇಳುವುದೂ ಅದನ್ನೇ. ಅದು ಕ್ಯೂರ್‌ನಿಂದ ಬಂತು, ಕ್ಯೂರ್ ಕೂರಾದಿಂದ ಬಂತು. ಆ ಮಗು ವಾರವಿಡೀ ಕ್ಯೂರಿಯಾಸಿಟಿಯಿಂದ ಕೇಳಿದ್ದು ಕ್ಯೂರಿಂಗ್ ಬಗ್ಗೆ, ಎರಡೂ ಒಂದೇ ಬೇರಿನ ಪದ. ನಿಮ್ಮ ಪತ್ರ ಓದಿದಾಗ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ.

ಅವಳ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಸಿಮೆಂಟು ಮಣ್ಣಿನ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ನೀರಿನ ಜೊತೆ ಸೇರಿ ಅದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಅದರಿಂದ ಗಟ್ಟಿಯಾಗುತ್ತದೆ. ಆ ಕ್ರಿಯೆ ದಿನಗಟ್ಟಲೆ ನಡೆಯುತ್ತಲೇ ಇರುತ್ತದೆ. ಮಧ್ಯೆ ನೀರು ಆರಿಹೋದರೆ ಕ್ರಿಯೆ ಅರ್ಧಕ್ಕೆ ನಿಂತು ಕಂಬದ ಬಲ ಕಡಿಮೆಯಾಗುತ್ತದೆ, ಮೇಲೆ ಬಿರುಕು ಬೀಳುತ್ತದೆ. ಅದಕ್ಕೇ ಕಂಬಕ್ಕೆ ಗೋಣಿತಾಟು ಸುತ್ತಿ ಅದನ್ನು ಹಸಿಯಾಗಿ ಇಡುತ್ತಾರೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ್ದಕ್ಕೆ 10 ದಿನ. ಒಂದು ಸಲ ಹತ್ತಿರ ಹೋಗಿ ನೋಡಲಿ. ಗೋಣಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಕಂಬದ ಬುಡದಲ್ಲಿ ಬೂದು ಬಣ್ಣದ ಕೆಸರು, ಒದ್ದೆ ಗೋಣಿಯ ವಾಸನೆ. ಪೈಪು ಹಿಡಿದ ಹೆಂಗಸು ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಂಜೆ ಒಂದು ಸುತ್ತು ಪ್ರತಿ ಕಂಬದ ಹತ್ತಿರವೂ ನಿಂತು ಮೇಲಿಂದ ಕೆಳಗೆ ನೀರು ಬಿಡುತ್ತಾಳೆ. ಕೂರಾ ಅಂದರೆ ಕಾಳಜಿ ಅಂತ ನಾನು ಹತ್ತು ವಾಕ್ಯದಲ್ಲಿ ಹೇಳುವುದನ್ನು ಅಲ್ಲಿ ಒಂದು ನೋಟದಲ್ಲಿ ನೋಡಬಹುದು.

ಪದದ ಮುಂದಿನ ಕಥೆ ಅಷ್ಟು ಸುಖವಾಗಿಲ್ಲ. ರೋಮ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಅಂಚೆ ಸಾರಿಗೆಯ ತಪಾಸಣೆ ಮಾಡುತ್ತಾ ಅರಮನೆಗೆ ಸುದ್ದಿ ಮುಟ್ಟಿಸುವ ಅಧಿಕಾರಿಗಳಿಗೆ ‘ಕೂರಿಯೋಸಿ’ ಅಂತಲೇ ಹೆಸರಿತ್ತು. ಕಾಳಜಿ ಕಣ್ಗಾವಲಾಯಿತು. ಕ್ರಿ.ಶ. 400ರ ಸುಮಾರಿಗೆ ಕ್ರೈಸ್ತ ಗುರು ಆಗಸ್ಟಿನ್ ತನ್ನ ಆತ್ಮಕಥೆಯಲ್ಲಿ ಕುತೂಹಲವನ್ನು ‘ಕಣ್ಣಿನ ಕಾಮ’ ಅಂತ ಬೈದ. ಹಲ್ಲಿ ನೊಣ ಹಿಡಿಯುವುದನ್ನು, ಜೇಡ ನೊಣವನ್ನು ಬಲೆಯಲ್ಲಿ ಸುತ್ತುವುದನ್ನು ಮನೆಯಲ್ಲಿ ಕೂತು ನೋಡುತ್ತಾ ಮೈಮರೆತೆ, ದೇವರ ಧ್ಯಾನ ಬಿಟ್ಟೆ ಅಂತ ತಪ್ಪೊಪ್ಪಿಕೊಂಡ. ನಾನು ಇದನ್ನು ಓದುವಾಗಲೆಲ್ಲ ಆ ಹಲ್ಲಿಯನ್ನು ಅವನು ಎಷ್ಟು ಚೆನ್ನಾಗಿ ನೋಡಿದ್ದಾನೆ ಅಂತಲೇ ಯೋಚಿಸುತ್ತೇನೆ. 1651ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಹೆಚ್ಚುಕಡಿಮೆ ಅದೇ ಬೈಗುಳವನ್ನು ತಿರುಗಿಸಿ ಹೊಗಳಿಕೆ ಮಾಡಿದ. ಏಕೆ, ಹೇಗೆ ಅಂತ ತಿಳಿಯುವ ಆಸೆ ಮನುಷ್ಯನಿಗೆ ಬಿಟ್ಟು ಬೇರೆ ಪ್ರಾಣಿಗೆ ಇಲ್ಲ, ಅದು ಮನಸ್ಸಿನ ಕಾಮ, ಮೈಯ ಸುಖಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು ಅಂದ. ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಆಗಲೇ ಎರಡೂವರೆ ಶತಮಾನ ಆಗಿತ್ತು.

ಬೆಕ್ಕಿನ ಗಾದೆ ಕೇಳಿರುತ್ತೀರಿ, ಕುತೂಹಲ ಬೆಕ್ಕನ್ನು ಕೊಂದಿತು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದರ ಹಳೆಯ ರೂಪದಲ್ಲಿ ಬೆಕ್ಕನ್ನು ಕೊಂದದ್ದು ಕುತೂಹಲ ಅಲ್ಲ, ‘ಕೇರ್’, ಅಂದರೆ ಚಿಂತೆ. 1598ರ ಬೆನ್ ಜಾನ್ಸನ್ ನಾಟಕದಲ್ಲೇ ಅದಿದೆ. ಕುತೂಹಲ ಆ ಗಾದೆಯೊಳಗೆ ಬಂದದ್ದು ತುಂಬಾ ತಡವಾಗಿ, ಹತ್ತೊಂಬತ್ತನೇ ಶತಮಾನದಲ್ಲಿ. ಇನ್ನೊಂದು ಮಾತು, ಇಂಗ್ಲಿಷಿನ ಕೇರ್‌ಗೂ ಲ್ಯಾಟಿನ್ ಕೂರಾಕ್ಕೂ ರಕ್ತಸಂಬಂಧ ಇಲ್ಲ. ಒಂದು ಜರ್ಮನ್ ಕಡೆಯ ಬೇರು, ಇನ್ನೊಂದು ಲ್ಯಾಟಿನ್. ಧ್ವನಿ ಒಂದೇ ಥರ, ಅರ್ಥ ಒಂದೇ ಥರ, ಆದರೂ ಬೇರೆ ಬೇರೆ. ಕುತೂಹಲ-ಕ್ಯೂರಿಯಾಸಿಟಿ ಜೋಡಿಯಲ್ಲಿ ನಾವು ಮೋಸಹೋದರೆ ಏನೂ ಆಶ್ಚರ್ಯ ಇಲ್ಲ, ಅಲ್ವಾ?

ಕಾಳಜಿಗೂ ಕುತೂಹಲಕ್ಕೂ ಇರುವ ಈ ನಂಟು ಲ್ಯಾಟಿನ್ನಿನದ್ದು ಮಾತ್ರವಾ? ಅಲ್ಲ. ಕನ್ನಡದಲ್ಲೇ ಇದೆ, ‘ಉಸಾಬರಿ’ ಅನ್ನುವ ಪದ ನೋಡಿ. ಉಸಾಬರಿ ಅಂದರೆ ಒಂದು ವಿಷಯದ ಹೊಣೆ, ಅದರ ಚಿಂತೆ ಹಚ್ಚಿಕೊಳ್ಳುವುದು. ಅದನ್ನೇ ಊರಿನವರ ವಿಷಯಕ್ಕೆ ಮಾಡಿದರೆ ‘ಊರ ಉಸಾಬರಿ’, ಬೇಡದ ಕಡೆ ಮೂಗು ತೂರಿಸುವುದು. ರೋಮಿನವರ ಕೂರಾ ಯಾವ ದಾರಿಯಲ್ಲಿ ಕಣ್ಗಾವಲಾಯಿತೋ ಅದೇ ದಾರಿಯಲ್ಲಿ ನಮ್ಮ ಉಸಾಬರಿ ನಡೆದಿದೆ. ಇನ್ನು ‘ಕಾಳಜಿ’, ಅದು ಮರಾಠಿಯಿಂದ ನಮ್ಮಲ್ಲಿಗೆ ಬಂದದ್ದು. ಮರಾಠಿಯವರು ಫೋನ್ ಇಡುವಾಗ ‘ಕಾಳಜೀ ಘೇ’ ಅನ್ನುತ್ತಾರೆ, ಜೋಪಾನ ಅಂತ. ಅವರೇ ‘ಕಾಳಜೀ ಕರೂ ನಕೋ’ ಅಂದರೆ ಚಿಂತೆ ಮಾಡಬೇಡ. ಜೋಪಾನವೂ ಅದೇ, ಚಿಂತೆಯೂ ಅದೇ. ಧಾರವಾಡದಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಅನ್ನುವುದೂ ಹಾಗೇ. ಮರಾಠಿ ಕೌತುಕ ಹೊರಟದ್ದು ಬೆರಗಿನಿಂದ, ಸೇರಿದ್ದು ಪ್ರೀತಿಗೆ. ಲ್ಯಾಟಿನ್ ಕೂರಾ ಹೊರಟದ್ದು ಪ್ರೀತಿಯಿಂದ, ಸೇರಿದ್ದು ಕುತೂಹಲಕ್ಕೆ. ಎರಡು ಕಡೆಯಿಂದ ಹೊರಟವರು ಒಂದೇ ಸೇತುವೆ ದಾಟಿದ ಹಾಗೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇದೇ. ಪದಗಳು ಬೇರೆ ಮನೆಯವು, ಆದರೆ ನಾವು ಯಾವುದನ್ನು ಬಿಡದೆ ವಿಚಾರಿಸುತ್ತೇವೋ ಅದರ ಮೇಲೆ ನಮಗೆ ಅಕ್ಕರೆ ಇದೆ ಅನ್ನುವುದು ಎರಡೂ ಮನೆಗೆ ಗೊತ್ತಿತ್ತು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪುಣೆಯಲ್ಲೇ ಒಂದು ಜಾಗ ಇದೆ, ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ. ದಿನಕರ ಕೇಳಕರ (1896–1990) ಒಬ್ಬರೇ ಊರೂರು ಅಲೆದು ದೀಪ, ಬಾಚಣಿಗೆ, ಬೀಗ, ವಾದ್ಯ ಅಂತ 20 ಸಾವಿರಕ್ಕೂ ಹೆಚ್ಚು ವಸ್ತು ಕೂಡಿಸಿದರು. ‘ರಾಜಾ’ ಅನ್ನುವುದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರ ಮಗನ ಹೆಸರು. ಬಗೆಬಗೆಯ ಅಡಕತ್ತರಿಗಳು ಅಲ್ಲಿವೆ, ಮರಾಠಿಯಲ್ಲಿ ‘ಅಡಕಿತ್ತಾ’. ನಮ್ಮ ಅಡಕೆ ಆ ಪದದೊಳಗೆ ಹೇಗೆ ಕೂತಿದೆ ಅಂತ ಮಗಳನ್ನೇ ಕೇಳಿ.

ಇನ್ನು ಜಿಜ್ಞಾಸೆ. ನೀವು ಕೇಳಿಲ್ಲ, ಆದರೆ ಇದನ್ನು ಬಿಟ್ಟು ಕುತೂಹಲದ ಮಾತು ಪೂರ್ತಿಯಾಗುವುದಿಲ್ಲ.

ಒಂದು ರಾತ್ರಿ ಕ್ಲಾಸಿಗೆ ಕುಂದಾಪುರ ಕಡೆಯ ಹುಡುಗನೊಬ್ಬ ತಡವಾಗಿ ಬಂದ. ಹದಿನಾರು ವರ್ಷ ಇರಬಹುದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ಬೆರಳ ತುದಿಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು. ದಾದರ್‌ನಲ್ಲಿ ‘ಶುಶ್ರೂಷಾ’ ಅಂತ ಆಸ್ಪತ್ರೆ ಇದೆ, ಅದರ ಬೋರ್ಡನ್ನು ದಾರಿಯಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡು ಬಂದಿದ್ದ. ಕೂತ ತಕ್ಷಣ, ‘ಹಾಂಗಂದ್ರೆ ಎಂತ ಸರ್?’ ಅಂದ. ಆರೈಕೆ ಅಂದೆ. ಅವನಿಗೆ ಅದು ಸಾಲಲಿಲ್ಲ. ‘ಶು’ ಯಾಕೆ ಎರಡು ಸಲ ಬಂದ ಹಾಗೆ ಕೇಳುತ್ತದೆ ಅಂದ.

ಆವತ್ತಿನ ಪಾಠ ಅಲ್ಲಿಗೆ ನಿಂತಿತು, ಎರಡು ಗಂಟೆ ಬರೀ ಇದೇ. ಸಂಸ್ಕೃತದಲ್ಲಿ ಒಂದು ಕೆಲಸ ಮಾಡುವ ಆಸೆಯನ್ನು ಹೇಳಬೇಕಾದರೆ ಧಾತುವಿನ ಮೊದಲ ಸದ್ದನ್ನು ಎರಡು ಸಲ ಹೇಳುತ್ತಾರೆ, ಮಗು ‘ಬೇಕು ಬೇಕು’ ಅನ್ನುವ ಹಾಗೆ. ಪಾ ಅಂದರೆ ಕುಡಿ, ಕುಡಿಯುವ ಆಸೆ ಪಿಪಾಸೆ, ಅದು ಬಾಯಾರಿಕೆ. ಭುಜ್ ಅಂದರೆ ತಿನ್ನು, ತಿನ್ನುವ ಆಸೆ ಬುಭುಕ್ಷೆ, ಅದು ಹಸಿವು. ಮುಚ್ ಅಂದರೆ ಬಿಡಿಸು, ಬಿಡುಗಡೆಯ ಆಸೆ ಇರುವವನು ಮುಮುಕ್ಷು. ಶ್ರು ಅಂದರೆ ಕೇಳು, ಕೇಳುವ ಆಸೆ ಶುಶ್ರೂಷೆ. ಜ್ಞಾ ಅಂದರೆ ತಿಳಿ, ತಿಳಿಯುವ ಆಸೆ ಜಿಜ್ಞಾಸೆ. ಮೀಮಾಂಸೆ, ಚಿಕಿತ್ಸೆ ಕೂಡ ಇದೇ ಅಚ್ಚಿನಲ್ಲಿ ಆದವು. ಜಿಜ್ಞಾಸೆಗೆ ಎಷ್ಟು ದೊಡ್ಡ ಜಾಗ ಕೊಟ್ಟಿದ್ದರು ಅಂದರೆ, ಬ್ರಹ್ಮಸೂತ್ರದ ಮೊದಲ ಸೂತ್ರವೂ ‘ಜಿಜ್ಞಾಸಾ’ ಅಂತಲೇ ಮುಗಿಯುತ್ತದೆ, ಜೈಮಿನಿಯ ಮೀಮಾಂಸಾಸೂತ್ರದ ಮೊದಲನೆಯದೂ ಹಾಗೇ. ಒಂದು ಬ್ರಹ್ಮದ ಜಿಜ್ಞಾಸೆ, ಇನ್ನೊಂದು ಧರ್ಮದ ಜಿಜ್ಞಾಸೆ. ಈಗ ಪತ್ರಿಕೆಗಳಲ್ಲಿ ‘ಅಭ್ಯರ್ಥಿ ಯಾರು ಎಂಬ ಜಿಜ್ಞಾಸೆ’ ಅಂತ ಗೊಂದಲಕ್ಕೆ ಬಳಸುತ್ತಾರೆ. ನನಗೆ ಅದು ನೋವಿನ ವಿಷಯ. ಅಷ್ಟು ಒಳ್ಳೆಯ ಪದವನ್ನು ಗೊಂದಲಕ್ಕೆ ಕೊಡಬಾರದಿತ್ತು.

ಕೇಳುವ ಆಸೆ ಆರೈಕೆ ಹೇಗಾಯಿತು ಅಂತ ಹುಡುಗ ಬಿಡಲಿಲ್ಲ. ಗುರುವಿನ ಮಾತು ಕೇಳುವ ಆಸೆಯಿಂದ ಶಿಷ್ಯ ಹತ್ತಿರವೇ ಇದ್ದು ಸೇವೆ ಮಾಡುತ್ತಿದ್ದ, ಹಾಗೆ ಕೇಳುವುದು ಸೇವೆಗೆ ತಿರುಗಿತು, ಸೇವೆ ರೋಗಿಯ ಹತ್ತಿರ ಬಂತು ಅಂದೆ. ನೋಡಿ, ಇಲ್ಲೂ ಅದೇ ಸೇತುವೆ. ಕೇಳಬೇಕು, ತಿಳಿಯಬೇಕು ಅನ್ನುವ ಆಸೆ ಕೊನೆಗೆ ಆರೈಕೆಯಾಗಿ ನಿಂತಿದೆ.

ಪಿಪಾಸೆ, ಬುಭುಕ್ಷೆ, ಜಿಜ್ಞಾಸೆ ಒಂದೇ ಸಾಲಿನಲ್ಲಿ ಕೂತಿವೆ ಅಂದರೆ ತಿಳಿಯದೆ ಇರುವುದು ಹಸಿವಿನ ಹಾಗೆ ಮೈಗೇ ತಟ್ಟುತ್ತದೆ ಅಂತ ಅರ್ಥ. ಸಿಸೆರೊ ಹೇಳಿದ ಹಸಿವು ಅದೇ. 1994ರಲ್ಲಿ ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ವಿದ್ವಾಂಸರು ಕುತೂಹಲದ ಬಗ್ಗೆ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದ್ದಕ್ಕೂ ನಡುವೆ ಒಂದು ಕಿಂಡಿ ಇದೆ ಅಂತ ಗಮನಕ್ಕೆ ಬಂದಾಗ ಕೊರತೆಯ ಸಂಕಟ ಶುರುವಾಗುತ್ತದೆ, ಅದೇ ಕುತೂಹಲ ಅಂತ ಅವರ ವಾದ. ಏನೂ ಗೊತ್ತಿಲ್ಲದವರಿಗೆ ಆ ಕಿಂಡಿ ಕಾಣುವುದೇ ಇಲ್ಲ. ನಿಮ್ಮ ಮಗಳಿಗೆ ‘ಒದ್ದೆಯಾದದ್ದು ಒಣಗಿದರೆ ಗಟ್ಟಿ’ ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ನೀರು ಹಾಕುವುದು ಅವಳಿಗೆ ಚುಚ್ಚಿತು. ನಮ್ಮ ಕನ್ನಡದ ಕ್ರಿಯಾಪದಗಳೂ ಇದನ್ನು ಬಲ್ಲವು. ಕುತೂಹಲ ಕೆರಳುತ್ತದೆ, ಗಾಯ ಕೆರಳಿದ ಹಾಗೆ. ಕುತೂಹಲ ತಣಿಯುತ್ತದೆ, ಬಾಯಾರಿಕೆ ತಣಿದ ಹಾಗೆ. ತಡೆಯಲಾರದ್ದಕ್ಕೆ ‘ಕೆಟ್ಟ ಕುತೂಹಲ’ ಅನ್ನುತ್ತೇವೆ, ಅಲ್ಲಿ ಕೆಟ್ಟ ಅಂದರೆ ವಿಪರೀತ. ಯಾರೋ ಅರ್ಧ ಮಾತು ಹೇಳಿ ಎದ್ದು ಹೋದರೆ ‘ತಲೆಗೆ ಹುಳ ಬಿಟ್ಟು ಹೋದ’ ಅನ್ನುತ್ತೇವೆ. ಆ ಹುಳ ಒಳಗೆ ಕೊರೆಯುತ್ತಾ ಇರುತ್ತದಲ್ಲ, ಲೋವೆನ್‌ಸ್ಟೈನ್ ಹೇಳುವ ಕಿಂಡಿ ಅದೇ.

ಪಾಣಿನಿಯ ವ್ಯಾಕರಣದಲ್ಲಿ ಈ ಆಸೆಯ ರೂಪಕ್ಕೆ ಒಂದು ಷರತ್ತಿದೆ, ಮೂರನೇ ಅಧ್ಯಾಯದ ಮೊದಲ ಪಾದದ ಏಳನೇ ಸೂತ್ರ. ಆಸೆಪಡುವವನೂ ಆ ಕೆಲಸ ಮಾಡುವವನೂ ಒಬ್ಬನೇ ಆಗಿರಬೇಕು. ‘ನಾನು ತಿಳಿಯಬೇಕು’ ಅಂತ ನನಗೆ ಆಸೆ ಇದ್ದರೆ ಅದು ಜಿಜ್ಞಾಸೆ. ‘ನನ್ನ ಮಗಳು ತಿಳಿಯಬೇಕು’ ಅಂತ ನನಗೆ ಆಸೆ ಇದ್ದರೆ ಅದಕ್ಕೆ ಜಿಜ್ಞಾಸೆ ಅನ್ನುವ ಹಾಗಿಲ್ಲ, ವ್ಯಾಕರಣವೇ ಒಪ್ಪುವುದಿಲ್ಲ. ಪಾಲಕರು, ಮೇಷ್ಟರುಗಳು ಯಾರೇ ಬಂದು ‘ಮಕ್ಕಳಲ್ಲಿ ಕುತೂಹಲ ಬೆಳೆಸುವುದು ಹೇಗೆ’ ಅಂತ ಕೇಳಿದರೂ ನಾನು ಈ ಸೂತ್ರವನ್ನೇ ಹೇಳುತ್ತೇನೆ. ಇನ್ನೊಬ್ಬರ ಪರವಾಗಿ ಬಾಯಾರಿಕೆ ಪಡಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ಅದು ತಾನಾಗಿಯೇ ಇದೆ, ನೀವು ಮಾಡಬೇಕಾದ್ದು ನೀರು ಎಲ್ಲಿದೆ ಅಂತ ತೋರಿಸುವುದು ಅಷ್ಟೆ.

ಅತ್ತೆಯವರ ‘ಅಧಿಕಪ್ರಸಂಗ’ದ ಬಗ್ಗೆ ಒಂದು ಮಾತು. ಪ್ರಸಂಗ ಅಂದರೆ ನಡೆಯುತ್ತಿರುವ ಸಂದರ್ಭ, ಅಧಿಕ ಅಂದರೆ ಅದನ್ನು ಮೀರಿದ್ದು. ಹಿರಿಯರು ಗದರುವುದು ಸಂದರ್ಭ ಮೀರಿದ ಮಾತಿಗೆ, ತಿಳಿಯುವ ಆಸೆಗೆ ಅಲ್ಲ. ಶಾಲೆಯ ಹೊತ್ತಾಗಿದೆ, ಮಗು ರಸ್ತೆ ನಡುವೆ ಕಂಬ ನೋಡುತ್ತಾ ನಿಂತಿದೆ, ಅಜ್ಜಿ ಗದರಿದ್ದು ಸರಿಯೇ. ಸಂಜೆ ಚಹಾ ಕುಡಿಯುವಾಗ ಅದೇ ಪ್ರಶ್ನೆ ಕೇಳಿದರೆ ಅದು ಪ್ರಸಂಗಕ್ಕೆ ಸರಿಯಾಗಿಯೇ ಇರುತ್ತದೆ.

ಭಾಷಣಕ್ಕೆ ಐದೇ ನಿಮಿಷ ಅಂದಿರಿ. ನಾನು ಬರೆದದ್ದೆಲ್ಲ ಅವಳ ತಲೆಗೆ ತುಂಬಬೇಡಿ. ಅವಳು ಕಂಬದಿಂದಲೇ ಶುರು ಮಾಡಲಿ, ನಿಬಂಧದ ಕೆಳಗೆ ಟೀಚರು ಬರೆದ ಸಾಲು ಹೇಳಲಿ, ಅಜ್ಜಿಗೆ ಅದು ಹೇಗೆ ಕೇಳಿಸಿತು ಅಂತ ಹೇಳಲಿ. ಆಮೇಲೆ ಕ್ಯೂರಿಂಗ್. ಸಮಯ ಉಳಿದರೆ ಮಂಗಳ ಗ್ರಹದ ಮೇಲಿರುವ ನಾಸಾದ ಬಂಡಿ ಕ್ಯೂರಿಯಾಸಿಟಿಯ ಮಾತು ತರಬಹುದು. 2009ರಲ್ಲಿ ಶಾಲಾಮಕ್ಕಳ ಪ್ರಬಂಧ ಸ್ಪರ್ಧೆಯಲ್ಲಿ ಆ ಹೆಸರು ಕೊಟ್ಟದ್ದು ಕಾನ್ಸಾಸ್ ರಾಜ್ಯದ ಒಬ್ಬ ಹುಡುಗಿ, ಅವಳೂ ಆಗ ಆರನೇ ತರಗತಿ. ಬಂಡಿ ಅಲ್ಲಿ ಇಳಿದ ಸುದ್ದಿ ಬಂದದ್ದು 2012ರ ಆಗಸ್ಟ್ 6ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 11ರ ಹೊತ್ತಿಗೆ. ಪದ ಆರಿಸುವಾಗ, ಅವಳ ಬಗ್ಗೆ ಹೇಳಲು ‘ಕುತೂಹಲಿ’ ಅನ್ನುವುದು ಸಾಕು, ಚೆನ್ನಾಗಿದೆ, ಬಾಯಿಗೆ ಹಗುರ. ಪುಸ್ತಕ ಹಿಡಿದು ಕೂತು ಹುಡುಕುವ ಮಾತು ಬಂದರೆ ಜಿಜ್ಞಾಸೆ ಅನ್ನಲಿ. ಟೀಚರು ಬರೆದದ್ದನ್ನು ಮಾತ್ರ ಕನ್ನಡ ಮಾಡಲು ಹೋಗಬೇಡಿ, ‘ಕೌತುಕ್’ ಅಂತಲೇ ಇರಲಿ. ಸಭೆಯಲ್ಲಿ ಇರುವವರೆಲ್ಲ ಪುಣೆಯ ಕನ್ನಡಿಗರೇ ತಾನೆ, ತಿಳಿಯುತ್ತದೆ.

ಅದಕ್ಕೂ ಮುಂಚೆ ಒಂದು ರಜೆಯ ದಿನ ಅವಳನ್ನು ಕರೆದುಕೊಂಡು ಆ ಕಟ್ಟಡದ ಹತ್ತಿರ ಹೋಗಿ. ಒಳಗೆ ಬೇಡ, ಗೇಟಿನ ಹತ್ತಿರ ನಿಂತರೆ ಸಾಕು. ಪುಣೆಯ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು ಎಷ್ಟೋ ಜನ ಇದ್ದಾರೆ. ಪೈಪು ಹಿಡಿದ ಆ ಅಕ್ಕ ಅವರಲ್ಲಿ ಒಬ್ಬಳಾಗಿದ್ದರೆ, ನೀರು ಯಾಕೆ ಹಾಕುತ್ತೀರಿ, ಎಷ್ಟು ದಿನ ಹಾಕುತ್ತೀರಿ, ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮ ಮಗಳು ಕನ್ನಡದಲ್ಲೇ ಕೇಳಬಹುದು.